ವಾರ್ಡ್‌ರೋಬಿನ ಹಿಂದಿನ ಗೋಡೆ

ನನಗೆ ಟಿಬಿ ಇಲ್ಲ ಎಂದು ಗೊತ್ತಾದ ದಿನ ನಮ್ಮ ಮನೆಯಲ್ಲಿ ಗಸಗಸೆ ಪಾಯಸ ಮಾಡಿದ್ದೆವು. ಪಾಯಸ ಕುಡಿದು ಲೋಟ ತೊಳೆಯಲು ಎದ್ದವಳಿಗೆ ಸಿಂಕಿನ ಮುಂದೆ ಕೆಮ್ಮು ಹತ್ತಿತು. ಕಟ್ಟೆಯನ್ನು ಹಿಡಿದುಕೊಂಡು ಬಗ್ಗಿ ನಿಂತೆ. ಹಿಂದೆ ಊಟ ಮಾಡುತ್ತಿದ್ದ ಗಂಡ ಮತ್ತು ಮಗಳ ಮಾತು ತಟ್ಟನೆ ನಿಂತಿತು. ಟಿಬಿ ಅಲ್ಲ, ಸರಿ. ಹಾಗಾದರೆ ಇದೇನು ಎಂದು ಮೂವರೂ ಯೋಚಿಸುತ್ತಿದ್ದೆವು.

ಆಗ ನಾವು ಡೊಂಬಿವಿಲಿಯ ಪೂರ್ವಕ್ಕೆ, ಲಿಫ್ಟ್ ಇಲ್ಲದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ನಾನು ಮೈಸೂರಿನವಳು. ನನ್ನ ಗಂಡ ರಾಘವೇಂದ್ರ ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಅವರ ಚಿಕ್ಕಪ್ಪನ ಹೋಟೆಲನ್ನು ನೋಡಿಕೊಳ್ಳುತ್ತಾರೆ. ಮಗಳು ಅನ್ವಿತಾಗೆ ಆಗ ಹನ್ನೆರಡು. ಠಾಣೆಯಿಂದ ವಾಶಿಗೆ ರೈಲು ಶುರುವಾಗಿ ಕೆಲವು ವರ್ಷ ಕಳೆದಿದ್ದವು. ಆ ಲೈನಿನ ದೆಸೆಯಿಂದಲೇ ನನಗೆ ಮಹಾಪೆಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡಲು ಸಾಧ್ಯವಾಗಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ, ಕೋಪರ್‌ಖೈರಣೆಯಲ್ಲಿ ಇಳಿದು, ಅಲ್ಲಿಂದ ಶೇರ್ ರಿಕ್ಷಾ.

ಕೆಮ್ಮು ಶುರುವಾದದ್ದು ಒಂದು ಮಳೆಗಾಲದಲ್ಲಿ. ಮಳೆ ನಿಂತರೆ ಹೋಗುತ್ತದೆ ಅಂದುಕೊಂಡೆ. ದೀಪಾವಳಿ ಬಂತು, ಹೋಗಲಿಲ್ಲ. ನಮ್ಮ ರಸ್ತೆಯ ಡಾಕ್ಟರು ಮೂರು ಸಲ ಆ್ಯಂಟಿಬಯೋಟಿಕ್ ಕೊಟ್ಟರು. ಎದೆಯೊಳಗೆ ಸಣ್ಣಗೆ ಸೀಟಿ ಊದಿದ ಹಾಗೆ ಸದ್ದು ಬರತೊಡಗಿತು. ರೈಲಿನ ಲೇಡೀಸ್ ಡಬ್ಬಿಯಲ್ಲಿ ಮೂವರ ಬೆಂಚಿನ ಅಂಚಿನ ನಾಲ್ಕನೇ ಸೀಟಿಗೆ ಯಾವತ್ತೂ ಜಗಳವಾಡುವ ಹೆಂಗಸರು ನನ್ನ ಪಕ್ಕದ ಜಾಗವನ್ನು ಖಾಲಿ ಬಿಡತೊಡಗಿದರು. ಅದನ್ನು ನೋಡಿದ ದಿನ ಮನೆಗೆ ಬಂದು ಅತ್ತುಬಿಟ್ಟೆ.

ಕೊನೆಗೆ ಡಾಕ್ಟರು ಕಫದ ಪರೀಕ್ಷೆ, ಎಕ್ಸ್‌ರೇ ಬರೆದುಕೊಟ್ಟಾಗ ರಾಘವೇಂದ್ರ ಬಾಗಿಲು ಹಾಕಿಕೊಂಡು ಮಾತಾಡಿದರು. "ಶೈಲಾ, ರಿಪೋರ್ಟ್ ಬರುವವರೆಗೆ ಹೋಟೆಲಿನ ಕಡೆ ಬರ್ಬೇಡ ಆಯ್ತಾ? ತಪ್ಪು ತಿಳ್ಕೊಳ್ಬೇಡ ಮಾರಾಯ್ತಿ. ಹೋಟೆಲಿನವನ ಹೆಂಡ್ತಿಗೆ ಟಿಬಿ ಅಂತ ಯಾರಾದ್ರೂ ಒಬ್ಬ ಹೇಳಿದ್ರೆ ಮುಗೀತು." ಅವರು ಹೇಳಿದ್ದು ನಿಜವೇ. ಆದರೂ ಮನಸ್ಸಿಗೆ ಕಹಿಯಾಯಿತು. ಐದು ದಿನ ನನ್ನ ತಟ್ಟೆಯನ್ನು ನಾನೇ ಬೇರೆ ಇಟ್ಟುಕೊಂಡೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ.

ಪಾಯಸದ ಮರುದಿನವೇ ನಾನು ತೀರ್ಮಾನ ಮಾಡಿದೆ. ಈ ಕೆಮ್ಮಿಗೆ ಒಂದು ಹೆಸರು ಇರಲೇಬೇಕು, ಅದು ಗೊತ್ತಾಗುವವರೆಗೆ ನಾನು ಸುಮ್ಮನಾಗುವುದಿಲ್ಲ.

ಮೊದಲು ಆಫೀಸಿನ ಎಸಿ ಮೇಲೆ ಅನುಮಾನಪಟ್ಟೆ. ಅಡ್ಮಿನ್‌ನವರ ಬೆನ್ನುಬಿದ್ದು ನನ್ನ ತಲೆಯ ಮೇಲಿನ ಗಾಳಿಕಿಂಡಿ ತೊಳೆಸಿದೆ. ಸೀಟು ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಆಗ ನನ್ನ ಕಣ್ಣು ತೆರೆಸಿದವರು ಪಕ್ಕದ ಟೇಬಲ್ಲಿನ ಕಮಲಕ್ಕ. ಹುಬ್ಬಳ್ಳಿಯವರು, ಕಲ್ಯಾಣದಲ್ಲಿ ಮನೆ. ಅವರಿಗೆ ಹತ್ತು ವರ್ಷದಿಂದ ಅಸ್ತಮಾ ಇತ್ತು.

"ಏ ಶೈಲಾ, ಒಂದ್ ಮಾತ ಹೇಳ್ತೀನಿ ಕೇಳ," ಅಂದರು ಒಂದು ಮಧ್ಯಾಹ್ನ ಡಬ್ಬಿ ಬಿಚ್ಚುತ್ತ. "ಸ್ವಾಮಾರ ನಿನ್ನ ಕೆಮ್ಮು ಭಾಳ ಇರ್ತದ. ಶುಕ್ರಾರ ಬರೂದ್ರಾಗ ಅರ್ಧಾ ಆಗಿರ್ತದ. ಎಸಿಯೊಳಗ ಏನೂ ಇಲ್ಲವ್ವಾ. ನಿಮ್ಮ ಮನ್ಯಾಗ ಏನೋ ಅದ."

"ನಮ್ಮನೇಲಿ ಏನಿರುತ್ತೆ ಕಮಲಕ್ಕ? ದಿನಾ ಎರಡು ಸಲ ಒರೆಸ್ತೀನಿ."

"ಒರಸ್ತೀ, ಖರೆ. ಆದ್ರ ಶನಿವಾರ ಐತ್ವಾರ ಮನ್ಯಾಗ ಇದ್ದು ಬಂದ್ ಕೂಡ್ಲೇ ಯಾಕ ಹಂಗ ಕೆಮ್ಮತಿ? ಠಾಣಾದಾಗ ನನ್ನ ಡಾಕ್ಟರ್ ಅದಾರ. ನಾಳೆ ಬಾ ನನ್ನ ಕೂಡ."

ನಿಜವಾಗಿ ನೋಡಿದರೆ ನನಗೆ ಅದು ಎಂದೋ ಹೊಳೆಯಬೇಕಿತ್ತು. ದಿನಾ ಬೆಳಗ್ಗೆ ಕಪಾಟಿನಿಂದ ಬಟ್ಟೆ ತೆಗೆಯುವಾಗ ಸಾಲಾಗಿ ಎಂಟು ಹತ್ತು ಸೀನು. ಹನ್ನೊಂದು ಗಂಟೆಗೆ ಆಫೀಸಿನಲ್ಲಿ ಉಸಿರು ಹಗುರ. ಆದರೆ ಸ್ವಂತ ಮನೆ ತನಗೆ ಆಗುತ್ತಿಲ್ಲ ಎಂದು ಯಾರಿಗೆ ತಾನೇ ಅನ್ನಿಸುತ್ತದೆ?

ಠಾಣೆಯ ಆ ಕ್ಲಿನಿಕ್ಕಿನಲ್ಲಿ ಕೂತುಕೊಳ್ಳಲು ಜಾಗವಿರಲಿಲ್ಲ. ಘೋಡಬಂದರ್ ರಸ್ತೆಯ ದೊಡ್ಡ ಕಾಂಪ್ಲೆಕ್ಸುಗಳಿಂದ ಕಾರಿನಲ್ಲಿ ಬಂದವರು, ಕಲ್ಯಾಣದಿಂದ ರೈಲಿನಲ್ಲಿ ನಿಂತು ಬಂದವರು, ಎಲ್ಲರೂ ಒಂದೇ ರೀತಿ ಬಾಯಿಗೆ ಕರವಸ್ತ್ರ ಹಿಡಿದು ಕೆಮ್ಮುತ್ತಿದ್ದರು. ಎಷ್ಟೋ ತಿಂಗಳ ನಂತರ ನನ್ನ ಕೆಮ್ಮಿಗೆ ಯಾರೂ ತಿರುಗಿ ನೋಡದ ಜಾಗ ಅದು. ಅಲ್ಲಿ ಮನಸಾರೆ ಕೆಮ್ಮಿದೆ.

ಡಾಕ್ಟರು ಹೆಂಗಸು, ನನ್ನದೇ ವಯಸ್ಸಿನವರು. ಮೊದಲು ಒಂದು ಕೊಳವೆಗೆ ಊದಿಸಿದರು. ಊದಿಸುವ ಹುಡುಗಿ ಕಬಡ್ಡಿ ಆಟಕ್ಕೆ ಹುರಿದುಂಬಿಸುವ ಹಾಗೆ "ಔರ್, ಔರ್, ಔರ್, ಛೋಡೋ ಮತ್!" ಎಂದು, ನಿಲ್ಲಿಸದೆ ಇನ್ನೂ ಊದುವಂತೆ ಕೂಗುತ್ತಿದ್ದಳು. ಮೂರನೇ ಸಲ ಊದುವಾಗ ಕಣ್ಣು ಕತ್ತಲಿಟ್ಟಿತು. ಕಾಗದ ನೋಡಿ ಡಾಕ್ಟರು ಅಸ್ತಮಾ ಎಂದರು. ನಾನು ಹುಡುಕುತ್ತಿದ್ದ ಹೆಸರು ಸಿಕ್ಕಿತ್ತು. ಖುಷಿಯಾಗಬೇಕಾದವಳು ಪರ್ಸನ್ನು ಎದೆಗೆ ಅವಚಿಕೊಂಡು ಕುಳಿತೆ.

"ಮನೆಯಲ್ಲಿ ಎಲ್ಲಾದರೂ ನೀರು ಇಳಿಯುತ್ತಾ? ತೇವ?" ಎಂದು ಅವರು ಮರಾಠಿಯಲ್ಲಿ ಕೇಳಿದರು.

"ಇಲ್ಲವೇ ಇಲ್ಲ," ಎಂದೆ ಜಂಬದಿಂದ.

"ಹಾಗಾದರೆ ನಿಮ್ಮ ಕೈಯನ್ನೇ ಕೇಳೋಣ," ಎಂದು ನಕ್ಕು ಅಲರ್ಜಿ ಟೆಸ್ಟ್ ಬರೆದುಕೊಟ್ಟರು. ಅಷ್ಟರವರೆಗೆ ಬಳಸಲು ಇನ್‌ಹೇಲರ್ ಕೊಟ್ಟರು. ಒಂದು ಷರತ್ತೂ ಹಾಕಿದರು. ಟೆಸ್ಟಿಗೆ ಮೊದಲು ಒಂದು ವಾರ ಸೀನಿನ ಮಾತ್ರೆ ಮುಟ್ಟಬಾರದು. ಮುಟ್ಟಿದರೆ ಚರ್ಮ ಸುಳ್ಳು ಹೇಳುತ್ತದೆ.

ಇನ್‌ಹೇಲರ್ ನೋಡಿ ರಾಘವೇಂದ್ರರ ಮುಖ ಸಣ್ಣದಾಯಿತು. "ಈ ಪಂಪ್ ಒಮ್ಮೆ ಹಿಡಿದ್ರೆ ಬಿಡ್ಲಿಕ್ಕಾಗುದಿಲ್ವಂತೆ. ಸ್ವಲ್ಪ ದಿನ ಕಷಾಯ ಕುಡ್ದು ನೋಡುವನಾ?"

"ರೀ, ಆರು ತಿಂಗಳಿಂದ ಕುಡೀತಾನೇ ಇದೀನಲ್ಲ," ಎಂದು ಅವರ ಎದುರಿನಲ್ಲೇ ಮೊದಲ ಸಲ ಎಳೆದುಕೊಂಡೆ. ಎದೆ ಬಿಚ್ಚಿಕೊಂಡದ್ದು ನನಗೆ ತಿಳಿಯಿತು. ನನ್ನ ಮುಖ ನೋಡಿ ಅವರಿಗೂ ತಿಳಿದಿರಬೇಕು. ಕಷಾಯದ ಮಾತು ಮತ್ತೆ ಬರಲಿಲ್ಲ.

ಮಾತ್ರೆ ಇಲ್ಲದ ಆ ವಾರವನ್ನು ಇವತ್ತಿಗೂ ಮರೆತಿಲ್ಲ. ಕಣ್ಣು ಊದಿತು, ಮೂಗಿನ ತುದಿ ಸುಲಿಯಿತು. ಪರ್ಸಿನಲ್ಲಿದ್ದ ಮಾತ್ರೆಯ ಪಟ್ಟಿಯನ್ನು ಕಮಲಕ್ಕನ ಕೈಗೆ ಕೊಟ್ಟು, "ನಾನು ಅತ್ತರೂ ಕೊಡಬೇಡಿ" ಎಂದಿದ್ದೆ. ಐದನೇ ದಿನ ನಿಜವಾಗಿಯೂ ಕೇಳಿದೆ. "ಇನ್ನ ಎರಡ ದಿನ, ಸುಮ್ನ ಕೂಡ," ಎಂದು ತಮ್ಮ ಡ್ರಾಯರಿಗೆ ಕೀಲಿ ಹಾಕಿದರು.

ಟೆಸ್ಟಿನ ದಿನ ಎಡಗೈಯ ಒಳಭಾಗದ ಮೇಲೆ ಪೆನ್ನಿನಲ್ಲಿ ಸಾಲಾಗಿ ಅಂಕಿ ಬರೆದರು. ಒಂದೊಂದು ಅಂಕಿಯ ಪಕ್ಕ ಒಂದೊಂದು ಹನಿ. ಒಂದು ಧೂಳಿನ ಹುಳದ್ದು, ಒಂದು ಜಿರಲೆಯದ್ದು, ಒಂದು ಬೆಕ್ಕಿನದ್ದು, ಹೀಗೆ. ಪ್ರತಿ ಹನಿಯ ಮೇಲೂ ಚಿಕ್ಕ ಮುಳ್ಳಿನಂಥದ್ದರಿಂದ ಮೆಲ್ಲಗೆ ಚುಚ್ಚಿದರು. ರಕ್ತ ಬರುವಷ್ಟೂ ಇಲ್ಲ. ಭಯಪಟ್ಟುಕೊಂಡು ಹೋದವಳಿಗೆ ಇಷ್ಟೇನಾ ಅನ್ನಿಸಿತು. ಕಷ್ಟವಿರುವುದು ಆಮೇಲೆ. ಇಪ್ಪತ್ತು ನಿಮಿಷ ಕೈಯನ್ನು ದಿಂಬಿನ ಮೇಲೆ ಚಾಚಿ ಕೂರಬೇಕು, ಎಷ್ಟೇ ನವೆಯಾದರೂ ಕೆರೆಯಬಾರದು.

ಪಕ್ಕದ ಕುರ್ಚಿಯಲ್ಲಿ ಕಲ್ಯಾಣದ ಒಬ್ಬ ಶಾಲಾ ಮಾಸ್ತರರು ಇದೇ ರೀತಿ ಕೈ ಚಾಚಿ ಕುಳಿತಿದ್ದರು. ಅವರಿಗೆ ಮೂರನೇ ಅಂಕಿ ಊದುತ್ತಿತ್ತು. ನನಗೆ ಏಳು ಮತ್ತು ಎಂಟು. ಅವರು ಹಿಂದಿಯಲ್ಲಿ, "ಬೆಹೆನ್‌ಜಿ, ನಿಮಗೆ ನನಗಿಂತ ಜಾಸ್ತಿ ಮಾರ್ಕ್ಸ್ ಬರುತ್ತಿದೆ," ಎಂದರು. ಇಬ್ಬರೂ ಕೈ ಅಲ್ಲಾಡಿಸದೆ ನಕ್ಕೆವು. ನಗು ಕೆಮ್ಮಾಗುವ ಮೊದಲು ಹುಡುಗಿ ಬಂದು ಗದರಿದಳು.

ಡಾಕ್ಟರು ಪಾರದರ್ಶಕ ಸ್ಕೇಲು ಇಟ್ಟು ಊತ ಅಳೆದರು. ಏಳು ಮತ್ತು ಎಂಟು ಹುರಿಗಡಲೆಗಿಂತ ದೊಡ್ಡದಾಗಿ ಎದ್ದು ನಿಂತಿದ್ದವು. "ಬುರಶಿ," ಅಂದರು. ಅಂದರೆ ಬೂಷ್ಟು. ಬ್ರೆಡ್ಡಿನ ಮೇಲೆ, ಉಪ್ಪು ಕಡಿಮೆಯಾದ ಉಪ್ಪಿನಕಾಯಿಯ ಮೇಲೆ ಬರುವುದು. ನನಗೆ ಮೊದಲು ನಗು ಬಂತು. ಆಮೇಲೆ, ಅದೇ ನನ್ನ ಎದೆಯೊಳಗೆ ಬೆಳೆದಿದೆಯೇ ಎಂದು ಡಾಕ್ಟರನ್ನು ಕೇಳಿದೆ. ಅದನ್ನೂ ಖಚಿತ ಮಾಡಿಕೊಳ್ಳಲು ರಕ್ತ ತೆಗೆದರು. ನಾಲ್ಕು ದಿನ ಕಾದೆ. ಎದೆಯೊಳಗೆ ಬೆಳೆದಿಲ್ಲ ಎಂದು ಬಂತು. "ಅದು ನಿಮ್ಮೊಳಗಿಲ್ಲ, ನಿಮ್ಮ ಮನೆಯಲ್ಲಿದೆ," ಅಂದರು ಡಾಕ್ಟರು. "ಔಷಧ ನಾನು ಕೊಡುತ್ತೇನೆ. ಹುಡುಕುವ ಕೆಲಸ ನಿಮ್ಮದು."

ಭಾನುವಾರ ಮೂವರೂ ಹುಡುಕಲು ನಿಂತೆವು. ಅಡುಗೆಮನೆಯ ಕಪಾಟು, ವಾಷಿಂಗ್ ಮಷೀನಿನ ಹಿಂಭಾಗ, ಕಿಟಕಿಯ ಚೌಕಟ್ಟು, ಎಲ್ಲೂ ಇರಲಿಲ್ಲ. ಬೆಡ್‌ರೂಮಿನಲ್ಲಿ ಅನ್ವಿತಾ ನಾಯಿಮರಿಯಂತೆ ಮೂಸುತ್ತ ಬಂದು ವಾರ್ಡ್‌ರೋಬಿನ ಮುಂದೆ ನಿಂತಳು. "ಮಮ್ಮಾ, ಇಧರ್ ಸೇ ಆ ರಹಾ ಹೈ. ಗೀಲಾ ಗೀಲಾ ಸ್ಮೆಲ್," ಎಂದು ಒದ್ದೆ ವಾಸನೆಯ ಜಾಗ ತೋರಿಸಿದಳು.

ಆ ವಾರ್ಡ್‌ರೋಬಿನ ಬಗ್ಗೆ ಹೇಳಬೇಕು. ಎರಡು ವರ್ಷದ ಹಿಂದೆ ನಾನು ತವರಿಗೆ ಹೋಗಿದ್ದಾಗ ರಾಘವೇಂದ್ರ ನನಗೆ ತಿಳಿಸದೆ ಮಾಡಿಸಿದ್ದು. ಗೋಡೆಗೆ ಗೋಡೆಯೇ, ನೆಲದಿಂದ ಸೀಲಿಂಗಿನವರೆಗೆ. ಹೋಟೆಲಿನ ಬಿಲ್ಲಿನ ಹಿಂದೆ ಅವರೇ ನಕ್ಷೆ ಬರೆದು ಬಡಗಿಗೆ ಕೊಟ್ಟಿದ್ದರು. ಸೀರೆ ನೇತುಹಾಕಲು, ಬಳೆ ಇಡಲು, ಎಲ್ಲಕ್ಕೂ ಜಾಗ. ಹೂವು ತರುವ ಅಭ್ಯಾಸವೂ ಇಲ್ಲದ ಮನುಷ್ಯ ನನಗಾಗಿ ಮಾಡಿಸಿದ ಒಂದೇ ಒಂದು ವಸ್ತು. ಅದರ ಹಿಂದೆ ನಮ್ಮ ಬಾತ್‌ರೂಮಿನ ಗೋಡೆ.

ಕೆಳಗಿನ ಖಾನೆ ಖಾಲಿ ಮಾಡಿ ಅವರು ಹಿಂದಿನ ಪ್ಲೈವುಡ್ಡಿಗೆ ಸ್ಕ್ರೂಡ್ರೈವರ್ ಹಾಕಿದರು. ಅದು ನೆನೆದ ಹಪ್ಪಳದಂತೆ ಕೈಗೆ ಬಂತು. ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತು ಟಾರ್ಚ್ ಬಿಟ್ಟೆ. ಗೋಡೆ ಕಪ್ಪಗಿತ್ತು. ಕಪ್ಪಿನ ಮೇಲೆ ಹಸಿರು, ಹಸಿರಿನ ಮೇಲೆ ಬೂದುಬಣ್ಣದ ನವಿರು. ಒಂದಾಳೆತ್ತರ. ಎರಡು ವರ್ಷ ನಾನು ಅದರ ಒಂದು ಮಾರು ದೂರದಲ್ಲಿ ಮಲಗಿದ್ದೆ.

ರಾಘವೇಂದ್ರ ನೆಲದ ಮೇಲೆ ಕುಳಿತುಬಿಟ್ಟರು. "ನಾನೇ ಮಾಡ್ಸಿದ್ದಲ್ವಾ ಇದು," ಎಂದರು. ನಾನು ಅವರ ಭುಜ ಹಿಡಿದೆ. ಹೋಟೆಲಿಗೆ ಬರಬೇಡ ಎಂದದ್ದಕ್ಕೆ ಉಳಿದಿದ್ದ ಕಹಿ ಅಲ್ಲಿಗೆ ಹೋಯಿತು.

ಬ್ಲೀಚಿಂಗ್ ಹಾಕಿ ತೊಳೆದು, ಬಣ್ಣ ಹೊಡೆದು, ಪುನಃ ಕೂರಿಸೋಣ ಎಂದು ಅವರು ಹೇಳಿದರು. ನಾನು ಒಪ್ಪಲಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕಿತ್ತು. ಪ್ಲಂಬರ್ ಬಂದು ನೋಡಿ ಬೆರಳನ್ನು ಮೇಲಕ್ಕೆ ತೋರಿಸಿದ. ಮೇಲಿನ ಮನೆಯ ಬಾತ್‌ರೂಮ್.

ಮೇಲಿನ ಮನೆ ಪ್ರಭಾ ಕಾಕುವಿನದು; ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ. ಮುನ್ಸಿಪಾಲಿಟಿ ಶಾಲೆಯ ನಿವೃತ್ತ ಟೀಚರ್, ಎಪ್ಪತ್ತು ದಾಟಿದ್ದರು, ಒಬ್ಬರೇ ಇದ್ದರು. ಅನ್ವಿತಾಗೆ ಆರು ತಿಂಗಳಾದಾಗಿನಿಂದ ಶಾಲೆಗೆ ಸೇರುವವರೆಗೆ, ನಾನು ನನ್ನ ಹಿಂದಿನ ಆಫೀಸಿಗೆ ಹೋದಾಗ ಅವಳನ್ನು ಎತ್ತಿ ಆಡಿಸಿದವರು ಅವರೇ. ನನಗೆ ಮರಾಠಿ ಕಲಿಸಿದವರೂ ಅವರೇ.

ನಮ್ಮ ಕಟ್ಟಡದ ಸೊಸೈಟಿಯ ಕಮಿಟಿಯವರು ಕರೆದು ಕೇಳಿದಾಗ ಕಾಕು ಖಡಾಖಂಡಿತ ಇಲ್ಲ ಎಂದರು. "ಇಷ್ಟು ವರ್ಷ ಯಾರೂ ಏನೂ ಹೇಳಿಲ್ಲ. ಗೋಡೆಗೆ ಗಾಳಿಯಾಡದ ಹಾಗೆ ಕಪಾಟು ಹೊಡೆಸಿದವರು ಅವರು. ನನ್ನ ಬಾತ್‌ರೂಮ್ ಯಾಕೆ ಅಗೆಯಬೇಕು?" ಅವರ ಮಾತಿನಲ್ಲಿ ಅರ್ಧ ಸತ್ಯವಿತ್ತು, ಅದು ಇನ್ನೂ ಚುಚ್ಚಿತು. ಹನ್ನೆರಡು ದಿನ ಕೆಲಸ, ಅಲ್ಲಿಯವರೆಗೆ ಕೆಳಗೆ ಶೈಲಾ ಅವರ ಮನೆಯ ಬಾತ್‌ರೂಮ್ ಬಳಸಿ ಎಂದು ಸೆಕ್ರೆಟರಿ ಹೇಳಿದಾಗ ಕಾಕು ಎದ್ದು ಹೊರಟೇ ಹೋದರು. ಮರುದಿನ ಮೆಟ್ಟಿಲಲ್ಲಿ ಎದುರಾದಾಗ ನನ್ನ ಕಡೆ ನೋಡಲಿಲ್ಲ.

"ಕಾಕು ಹತ್ರ ಜಗಳ ಬೇಡ ಮಾರಾಯ್ತಿ," ಎಂದರು ರಾಘವೇಂದ್ರ. "ಬೇಕಾದ್ರೆ ನಾವೇ ಬೇರೆ ಮನೆ ನೋಡುವ."

"ಜಗಳ ಮಾಡಲ್ಲ. ಮನೇನೂ ಬಿಡಲ್ಲ," ಎಂದೆ. ಆ ಸಂಜೆ ಒಬ್ಬಳೇ ಮೇಲೆ ಹೋದೆ.

ಕಾಕು ಬಾಗಿಲು ತೆರೆದರು, ಕೂರು ಎನ್ನಲಿಲ್ಲ. ನಾನೇ ಕುಳಿತು ಎಡತೋಳು ಚಾಚಿ ಏಳು ಎಂಟು ಅಂಕಿಗಳ ಜಾಗ ತೋರಿಸಿದೆ. ಊತ ಇಳಿದು ವಾರವಾಗಿತ್ತು. ಪೆನ್ನಿನ ನೀಲಿಯೂ ಅಳಿಸಿಹೋಗಿತ್ತು. ಹೇಳುತ್ತ ಹೇಳುತ್ತ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಕಾಕು ನೀರು ತಂದುಕೊಟ್ಟರು. ನಾನು ಲೋಟ ತೆಗೆದುಕೊಳ್ಳದೆ, "ಕಾಕು, ಮೊದಲು ನಿಮ್ಮ ಬಾತ್‌ರೂಮಿಗೆ ಹೋಗಿ ಬರುತ್ತೇನೆ," ಎಂದು ಎದ್ದೆ.

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಇಲ್ಲ, ಡಾಕ್ಟರಿಗೂ ಇಲ್ಲ. ಜೋರಾಗಿ ಕೆಮ್ಮಿದರೆ ನನಗೆ ಮೂತ್ರ ನಿಲ್ಲುತ್ತಿರಲಿಲ್ಲ. ಆಫೀಸಿನ ಬ್ಯಾಗಿನಲ್ಲಿ ಯಾವಾಗಲೂ ಇನ್ನೊಂದು ಜೊತೆ ಬಟ್ಟೆ. ಕಡುಬಣ್ಣದ ಸಲ್ವಾರ್ ಬಿಟ್ಟು ಬೇರೆ ತೊಡುತ್ತಿರಲಿಲ್ಲ. ಇದನ್ನು ಓದುವ ಹೆಂಗಸರಲ್ಲಿ ಯಾರಿಗಾದರೂ ಹೀಗಾಗುತ್ತಿದ್ದರೆ, ನಿಮಗೊಬ್ಬರಿಗೇ ಅಲ್ಲ ಎಂದು ತಿಳಿಯಲಿ ಅಂತಲೇ ಬರೆಯುತ್ತಿದ್ದೇನೆ.

ಹೊರಗೆ ಬಂದಾಗ ಕಾಕು ನನ್ನನ್ನೇ ನೋಡುತ್ತಿದ್ದರು. "ನಿನಗೂ?" ಎಂದರು.

ನಾನು ತಲೆಯಾಡಿಸಿದೆ.

ಕಾಕು ಕುರ್ಚಿ ಎಳೆದುಕೊಂಡು ನನ್ನ ಎದುರು ಕುಳಿತರು. ದನಿ ತಗ್ಗಿಸಿದರು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ. "ನನಗೆ ಕೆಮ್ಮೇ ಬೇಡ. ಎದ್ದು ನಿಂತರೆ ಸಾಕು. ಅರ್ಧ ಗಂಟೆಗೊಮ್ಮೆ ಓಡಬೇಕು, ಕೆಲವು ಸಲ ಅಷ್ಟರೊಳಗೂ ಆಗುವುದಿಲ್ಲ. ನಾಲ್ಕು ವರ್ಷವಾಯಿತು. ಮದುವೆ ಮುಂಜಿ ಬಿಟ್ಟೆ, ಭಜನೆಗೆ ಹೋಗುವುದು ಬಿಟ್ಟೆ. ಕಮಿಟಿಯ ಆ ಗಂಡಸರ ಮುಂದೆ ಏನೆಂದು ಹೇಳಲಿ? ನಿನ್ನ ಮನೆಯಲ್ಲಿ, ಆ ಮಗುವಿನ ಮುಂದೆ ನನ್ನ ಸೀರೆ ಒದ್ದೆಯಾದರೆ?"

ನಾನು ಅವರ ಕೈ ಹಿಡಿದೆ. "ಆ ಮಗು ಎಷ್ಟು ಸಲ ನಿಮ್ಮ ಸೀರೆ ಒದ್ದೆ ಮಾಡಿದೆ ಕಾಕು?"

ಅವರು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು, "ಅಯ್ಯೋ ತಾಯಿ, ಸುಮ್ಮನಿರು, ಜಾಸ್ತಿ ನಗಿಸಬೇಡ," ಎಂದು ಬಾತ್‌ರೂಮಿನ ಕಡೆ ಓಡಿದರು.

ಅಲ್ಲಿಂದ ಕೆಲಸ ಸರಸರನೆ ಸಾಗಿತು. ಕಾಕು ಎರಡು ಚೀಲ ಹಿಡಿದು ನಮ್ಮ ಮನೆಗೆ ಬಂದರು. ಬಾತ್‌ರೂಮಿಗೆ ಹತ್ತಿರದ ಮಂಚ ಅವರಿಗೆ ಕೊಟ್ಟೆವು, ಯಾಕೆ ಎಂದು ಯಾರಿಗೂ ವಿವರಿಸಲಿಲ್ಲ. ನಮ್ಮ ಗೋಡೆ ಕೆರೆಯುವ ಮೂರು ದಿನ ನಾನು ಮನೆಯಲ್ಲಿರಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕಲ್ಯಾಣಕ್ಕೆ, ಕಮಲಕ್ಕನ ಮನೆಗೆ ಹೋದೆ. ಮೂರನೇ ದಿನ ಬೆಳಗ್ಗೆ ಅವರ ಮನೆಯಲ್ಲಿ ಒಂದೂ ಸೀನಿಲ್ಲದೆ ಎದ್ದೆ. ಕಮಲಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾಕವಾ, ಸಪ್ಪಳಿಲ್ಲ ಇವತ್ತ?" ಎಂದರು. ಆಗಲೇ ನನಗೂ ಗಮನಕ್ಕೆ ಬಂದದ್ದು.

ಕಾಕುವಿನ ಬಾತ್‌ರೂಮಿನ ನೆಲದಡಿಯ ಪೈಪಿನ ಜಾಯಿಂಟ್ ತುಕ್ಕು ಹಿಡಿದು ಪುಡಿಯಾಗಿತ್ತು. ಹೊಸ ಪೈಪು ಬಂತು. ಜೊತೆಗೆ ಹಿಡಿದುಕೊಂಡು ಏಳಲು ಗೋಡೆಗೆ ಒಂದು ಕಂಬಿಯನ್ನೂ ರಾಘವೇಂದ್ರ ಹಾಕಿಸಿದರು. ವಾರ್ಡ್‌ರೋಬನ್ನು ಅವರೇ ನಿಂತು ಬಿಚ್ಚಿಸಿದರು. ಕೆಳಗಿನ ಖಾನೆಯಲ್ಲಿದ್ದ ನನ್ನ ಧಾರೆ ಸೀರೆಯನ್ನು ಮೂರು ಸಲ ಡ್ರೈಕ್ಲೀನ್ ಮಾಡಿಸಿದೆ. ಮೂರು ಸಲವೂ ಅದನ್ನು ಬಿಡಿಸಿದ ಕೂಡಲೇ ಸೀನಿದೆ. ಒಂದು ದಿನ ಮನಸ್ಸು ಗಟ್ಟಿಮಾಡಿ ಕಸದವನಿಗೆ ಕೊಟ್ಟೆ. ಅತ್ತೆ, ಆದರೆ ಕೊಟ್ಟೆ. ಈಗ ಆ ಗೋಡೆಯ ಮುಂದೆ ಏನೂ ಇಲ್ಲ. ಬಟ್ಟೆಗಳು ರೂಮಿನ ಇನ್ನೊಂದು ಬದಿಯಲ್ಲಿ ಸ್ಟೀಲಿನ ಸ್ಟ್ಯಾಂಡಿನ ಮೇಲಿವೆ.

ನಾನು ಪೂರ್ತಿ ಗುಣವಾಗಿಲ್ಲ. ಮಳೆಗಾಲದಲ್ಲಿ ಇನ್‌ಹೇಲರ್ ದಿನಕ್ಕೆರಡು ಸಲ, ಬೇಸಗೆಯಲ್ಲಿ ಕಡಿಮೆ. ಒದ್ದೆ ವಾಸನೆಯ ಮನೆಗೆ ಹೋದರೆ ಹತ್ತು ನಿಮಿಷದಲ್ಲಿ ಎದ್ದು ಬರುತ್ತೇನೆ, ಯಾರು ಏನೆಂದುಕೊಂಡರೂ ಸರಿಯೇ. ವರ್ಷದ ನಂತರ ಊದುವ ಟೆಸ್ಟ್ ಮಾಡಿದಾಗ ಅದೇ ಹುಡುಗಿ ಕೂಗುತ್ತಿದ್ದಳು, ನಾನು ಕೊನೆಯವರೆಗೂ ಊದಿದೆ. ಕೆಮ್ಮು ತಗ್ಗಿದ ಮೇಲೆ ನನ್ನ ಇನ್ನೊಂದು ತೊಂದರೆಯೂ ಬಹುಪಾಲು ಹೋಯಿತು. ಉಳಿದದ್ದಕ್ಕೆ ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು. ಬಾಯಿಬಿಟ್ಟು ಹೇಳಿದ್ದಕ್ಕೆ ಅಲ್ಲವೇ ಹೇಳಿಕೊಟ್ಟದ್ದು.

ಅದನ್ನು ಕಾಕುವಿಗೆ ಹೇಳಿದೆ. ಈ ವಯಸ್ಸಿಗೆ ಇನ್ನೇನು ಔಷಧ ಎಂದು ಅವರು ಎರಡು ತಿಂಗಳು ತಳ್ಳಿದರು. ನಾನು ಬಿಡಲಿಲ್ಲ. ಕೊನೆಗೆ ಒಂದು ಬುಧವಾರ ನಾನು ರಜೆ ಹಾಕಿ, ಗದ್ದಲ ಕಡಿಮೆಯಾದ ಮೇಲೆ ಹನ್ನೊಂದರ ಸ್ಲೋ ಗಾಡಿಯಲ್ಲಿ ಅವರನ್ನು ಠಾಣೆಗೆ ಕರೆದುಕೊಂಡು ಹೋದೆ. ಹೆಂಗಸರ ಡಾಕ್ಟರ ಕ್ಲಿನಿಕ್ಕು ಅದು. ಕಾಯುವ ಕೋಣೆಯ ತುಂಬ ಎಳೆಯ ಬಸುರಿಯರು. ಕಾಕು ಅವರ ನಡುವೆ ಸೆರಗು ಹೊದ್ದು, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ, ಹೊರಡುವವರಂತೆ ಕುಳಿತಿದ್ದರು. ಎರಡು ಸಲ ಟಾಯ್ಲೆಟ್ಟಿಗೆ ಹೋಗಿಬಂದರು. ಮೂರನೇ ಸಲ ಎದ್ದಾಗ ಮನೆಗೆ ಹೋಗೋಣ ಎನ್ನುತ್ತಾರೆ ಅಂದುಕೊಂಡೆ.

ಅಷ್ಟರಲ್ಲಿ ನರ್ಸ್ ಒಳಗಿನಿಂದ ಹೆಸರು ಕೂಗಿದಳು. ಹೊರಗೆ ಬಂದು ನಮ್ಮಿಬ್ಬರನ್ನೂ ನೋಡಿ, ನನ್ನ ಕಡೆ ತಿರುಗಿ, "ಪೇಶಂಟ್ ನೀವಾ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲು ಕಾಕು ತಮ್ಮ ಚೀಲವನ್ನು ನನ್ನ ಮಡಿಲಿಗೆ ಹಾಕಿದರು. ಮೂವತ್ತು ವರ್ಷ ಕ್ಲಾಸಿನ ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಹೇಳಿದ ಗಂಟಲಿನಲ್ಲಿ, ಇಡೀ ಕೋಣೆಗೆ ಕೇಳಿಸುವ ಹಾಗೆ, "ಅವಳಲ್ಲ, ನಾನು," ಎಂದು ಒಳಗೆ ನಡೆದರು.